ಇಬ್ಬರಿಗೆ ಒಂದೇ ಬೀಗ

ಸಂಜೆ ಏಳಾಯಿತೆಂದರೆ ಆ ಮನೆಯ ಮೂವರೂ ಒಂದೇ ಕೋಣೆಯಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಟಿ.ವಿ. ನೋಡುತ್ತಿದ್ದರು. ಗಂಡ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ. ಅವಳ ತಮ್ಮ ಕಿಟಕಿಯ ಕೆಳಗಿನ ಮಂಚದ ಮೇಲೆ, ರಿಮೋಟನ್ನು ಎಡಗೈಯಲ್ಲಿ ಹಿಡಿದುಕೊಂಡು. ಬಲಗೈಯಲ್ಲಿ ಅವನಿಗೆ ಹೆಬ್ಬೆರಳೊಂದು ಬಿಟ್ಟರೆ ಬೇರೆ ಬೆರಳು ಉಳಿದಿರಲಿಲ್ಲ. ಆ ಕೈಯನ್ನು ಅವನು ತೊಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತಿದ್ದ. ಬೇಕೆಂದೇ ಇಟ್ಟುಕೊಳ್ಳುತ್ತಾನೆ ಎಂದು ಭಾವನಿಗೆ ಅನ್ನಿಸುತ್ತಿತ್ತು. ಅದು ನಿಜವೂ ಆಗಿತ್ತು.

ಸೀರಿಯಲ್ಲಿಗೆ ಟಿ.ವಿ.ಯವರು ಭಾರೀ ಹೆಸರಿಟ್ಟಿದ್ದರು. ಸಮಾನಾಂತರ ಬ್ರಹ್ಮಾಂಡಗಳ ಕಥೆ ಎಂದು ಪ್ರತಿ ಕಂತಿನ ಮೊದಲು ಒಬ್ಬ ಗಡಸು ದನಿಯವನು ಸಾರುತ್ತಿದ್ದ. ಮನೆಯಲ್ಲಿ ಮಾತ್ರ ಅದು ಬಟನ್ ಸೀರಿಯಲ್. ಒಬ್ಬಳು ಡಾಕ್ಟರಮ್ಮ, ಅವಳ ತಂಗಿ ಅಪಘಾತದಲ್ಲಿ ಸತ್ತಿದ್ದಾಳೆ. ಡಾಕ್ಟರಮ್ಮನ ಆಸ್ಪತ್ರೆಯ ಹಳೇ ಲಿಫ್ಟಿನಲ್ಲಿ ಅಂಕಿಯೇ ಇಲ್ಲದ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಬಾಗಿಲು ತೆರೆಯುವುದು ಅದೇ ಆಸ್ಪತ್ರೆಗೆ, ಆದರೆ ಲೋಕ ಬೇರೆ. ಒಂದು ಲೋಕದಲ್ಲಿ ಅವಳು ಡಾಕ್ಟರೇ ಅಲ್ಲ, ನೆಲ ಒರೆಸುವವಳು. ಇನ್ನೊಂದರಲ್ಲಿ ತಂಗಿ ಬದುಕಿದ್ದಾಳೆ, ಆದರೆ ಅಕ್ಕನ ಮುಖ ಕಂಡರೆ ಉಗುಳುತ್ತಾಳೆ. ತಂಗಿ ಬದುಕಿಯೂ ಇರಬೇಕು, ಅಕ್ಕನ ಮೇಲೆ ಪ್ರೀತಿಯೂ ಇರಬೇಕು, ಅಂಥ ಲೋಕ ಹುಡುಕಿಕೊಂಡು ಡಾಕ್ಟರಮ್ಮ ವಾರಕ್ಕೆ ಆರು ದಿನ ಲಿಫ್ಟ್ ಹತ್ತುತ್ತಿದ್ದಳು.

ಲಿಫ್ಟು ಅಂದಮೇಲೆ ಕೇಳಬೇಕೆ! ಕುರ್ಚಿಯಲ್ಲಿ ಕೂತವನು ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿ ಬದುಕಿದವನು. ಊರಿನ ಅರ್ಧ ಕಟ್ಟಡಗಳಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ‘ಲಿಫ್ಟಿನವನು ಬಂದ’ ಎಂದರೆ ಮುಗಿಯಿತು. ಡಾಕ್ಟರಮ್ಮನ ಕಣ್ಣೀರು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬೀಳುತ್ತಿದ್ದುದು ತಪ್ಪುಗಳು ಮಾತ್ರ.

“ಬಾಗಿಲು ಪೂರ್ತಿ ಮುಚ್ಚೇ ಇಲ್ಲ, ಲಿಫ್ಟ್ ಹೊರಟೇಬಿಡ್ತು! ಯಾವ ಲೋಕದಲ್ಲಯ್ಯಾ ಹಾಗೆ ಹೊರಡುತ್ತೆ?”

“ಬೇರೆ ಲೋಕದಲ್ಲಿ ಭಾವ,” ಎನ್ನುತ್ತಿದ್ದ ಬಾಮೈದ, ಪರದೆಯಿಂದ ಕಣ್ಣು ತೆಗೆಯದೆ. “ಅದೇ ತಾನೇ ಕಥೆ.”

“ಒಂದೇ ರೋಪಿಗೆ ನೇತಾಡ್ತಿದೆ ನೋಡು, ಬಾವಿಗೆ ಬಿಂದಿಗೆ ಬಿಟ್ಟ ಹಾಗೆ. ಇದನ್ನ ಬರೆದೋನು ಜನ್ಮದಲ್ಲಿ ಲಿಫ್ಟ್ ಹತ್ತಿಲ್ಲ.”

“ನೀವೊಂದು ಸ್ವಲ್ಪ ಬಾಯಿ ಮುಚ್ತೀರಾ? ಅವಳು ಏನೋ ಹೇಳ್ತಿದಾಳೆ,” ಎಂದು ಹೆಂಡತಿ ಗದರುತ್ತಿದ್ದಳು.

ಬಾಯಿ ಮುಚ್ಚುವ ಪೈಕಿ ಅಲ್ಲ ಅವನು. ಹಾಗಾದರೆ ಎದ್ದು ಹೋಗಬಹುದಿತ್ತಲ್ಲ ಎಂದು ಕೇಳಬಹುದು ನೀವು. ಬೀದಿ ತುದಿಯಲ್ಲಿ ಟೀ ಅಂಗಡಿಯಿತ್ತು, ಅಲ್ಲಿ ಅವನ ವಯಸ್ಸಿನ ಗಂಡಸರೂ ಇದ್ದರು, ಲೋಕವನ್ನೆಲ್ಲ ಬೈಯುವುದಕ್ಕೆ ಬೆಂಚೂ ಇತ್ತು. ಆದರೆ ಅಕ್ಕ ತಮ್ಮ ಇಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯ ಅವನಿಗಿರಲಿಲ್ಲ. ಆರು ವರ್ಷದಿಂದ ಇರಲಿಲ್ಲ.

ಬಾಮೈದನನ್ನು ಹುಡುಗನಾಗಿದ್ದಾಗ ಈ ಕೆಲಸಕ್ಕೆ ಎಳೆದು ತಂದವನೇ ಅವನು. ಮದುವೆಯಾದ ಎರಡನೇ ವರ್ಷ ಹೆಂಡತಿಯ ತಾಯಿ ತೀರಿಕೊಂಡರು. ಅಕ್ಕ ತಮ್ಮನನ್ನು ತನ್ನ ಮನೆಗೆ ಕರೆತಂದಳು. ಓದು ಹತ್ತದ ಹುಡುಗ, ಆದರೆ ಕೈ ಚುರುಕು. ಭಾವ ಸ್ಪ್ಯಾನರ್ ಕೊಟ್ಟ, ಗ್ರೀಸು ಕೊಟ್ಟ, ಲಿಫ್ಟ್ ಓಡುವ ಕತ್ತಲೆ ಗುಂಡಿಯಲ್ಲಿ ಹೆದರದೆ ನಿಲ್ಲುವುದನ್ನು ಹೇಳಿಕೊಟ್ಟ. ಐದಾರು ವರ್ಷದಲ್ಲಿ ಇಬ್ಬರೂ ಜೋಡಿ ಎಂದರೆ ಜೋಡಿ. ಮೋಟಾರಿನ ಸದ್ದು ಕೇಳಿಯೇ ಹುಡುಗ ರೋಗ ಹೇಳಿಬಿಡುತ್ತಿದ್ದ. ‘ನನ್ನ ಬಾಮೈದ’ ಎಂದು ಹೇಳಿಕೊಳ್ಳುವಾಗ ಲಿಫ್ಟಿನವನ ಎದೆ ಉಬ್ಬುತ್ತಿತ್ತು. ಇದನ್ನೂ ಹೇಳಬೇಕು, ಏಕೆಂದರೆ ಆಮೇಲಿನದನ್ನು ಕೇಳಿದರೆ ಯಾರೂ ನಂಬುವುದಿಲ್ಲ.

ಆ ಕೆಲಸದಲ್ಲಿ ಒಂದು ನಿಯಮ ಇದೆ. ಲಿಫ್ಟ್ ಓಡುವ ಗುಂಡಿಯೊಳಗೆ ಇಳಿಯುವ ಮುಂಚೆ, ಮೇಲಿನ ಮೋಟಾರ್ ರೂಮಿನಲ್ಲಿ ಮೇನ್ ಸ್ವಿಚ್ ಇಳಿಸಿ ಅದರ ಹಿಡಿಗೆ ಬೀಗ ಹಾಕಬೇಕು. ಇಬ್ಬರಿದ್ದರೆ ಎರಡು ಬೀಗ, ಮೂವರಿದ್ದರೆ ಮೂರು. ಅವರವರ ಕೀಲಿ ಅವರವರ ಜೇಬಿನಲ್ಲಿ. ಕೊನೆಯವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಸ್ವಿಚ್ ಎತ್ತಲು ಬರುವುದಿಲ್ಲ. ಹೊರಗಿನವರ ಜೊತೆ ಕೆಲಸ ಮಾಡುವಾಗ ಇಬ್ಬರೂ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ತಾವಿಬ್ಬರೇ ಇದ್ದಾಗ ಒಂದೇ ಬೀಗ. “ನಮ್ಮಿಬ್ಬರ ಮಧ್ಯೆ ಎರಡು ಬೀಗ ಏನು? ನಾನೇನು ಹೊರಗಿನೋನಾ?” ಎಂದು ಭಾವ ನಗುತ್ತಿದ್ದ. ಬೀಗ ಭಾವನದು, ಕೀಲಿ ಭಾವನ ಜೇಬಿನಲ್ಲಿ. ಹುಡುಗನ ಬೀಗ ಹೊಸದಾಗಿ ಹೊಳೆಯುತ್ತಾ ಟೂಲ್ ಪೆಟ್ಟಿಗೆಯಲ್ಲೇ ಬಿದ್ದಿರುತ್ತಿತ್ತು. ಸಂಬಂಧಿಕರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುವುದಿಲ್ಲ.

ಅವರ ಲೆಕ್ಕವೆಲ್ಲ ಶಿಳ್ಳೆಯ ಮೇಲೆ ನಡೆಯುತ್ತಿತ್ತು. ಹುಡುಗನಿಗೆ ಗುಂಡಿಯಲ್ಲಿ ಕೆಲಸ ಮಾಡುವಾಗ ಶಿಳ್ಳೆ ಹಾಕುವ ಚಾಳಿ. ಶಿಳ್ಳೆ ಕೇಳಿಸುತ್ತಿದೆ ಎಂದರೆ ಒಳಗಿದ್ದಾನೆ. ನಿಂತಿತೆಂದರೆ ಹೊರಗೆ ಬಂದಿದ್ದಾನೆ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಏಳಂತಸ್ತಿನ ಆಫೀಸು ಕಟ್ಟಡದಲ್ಲಿ, ಹುಡುಗ ಲಿಫ್ಟಿನ ನೆತ್ತಿಯ ಮೇಲೆ ಕೂತು ರಾಟೆಗೆ ಗ್ರೀಸು ಹಚ್ಚುತ್ತಿದ್ದ. ಭಾವ ಮೇಲೆ ಮೋಟಾರ್ ರೂಮಿನಲ್ಲಿದ್ದ. ಕಟ್ಟಡದ ಸೆಕ್ರೆಟರಿ ಬಾಗಿಲಲ್ಲಿ ನಿಂತು, ಜನ ಮೆಟ್ಟಿಲು ಹತ್ತಿ ಸಾಯುತ್ತಿದ್ದಾರೆ, ಇನ್ನೂ ಎಷ್ಟು ಹೊತ್ತು ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದ. ಶಿಳ್ಳೆ ನಿಂತಿತು. ಭಾವ ಕೂಗಿ ಕೇಳಲಿಲ್ಲ. ಬೀಗ ತೆಗೆದ, ಕೀಲಿ ಜೇಬಿಗೆ ಹಾಕಿದ, ಸ್ವಿಚ್ ಎತ್ತಿದ. ಹುಡುಗ ಶಿಳ್ಳೆ ನಿಲ್ಲಿಸಿದ್ದು ಹೊರಗೆ ಬಂದದ್ದಕ್ಕಲ್ಲ. ರಾಟೆಗೆ ಎರಡು ಕೈಯೂ ಬೇಕಾಗಿತ್ತು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ.

ಇಷ್ಟಾಗಿದ್ದರೆ ಅದು ಅಪಘಾತ. ಯಾರೂ ಬೇಕೆಂದು ಮಾಡಿದ್ದಲ್ಲ. ಅಳಬಹುದಿತ್ತು, ಕಾಲಿಗೆ ಬೀಳಬಹುದಿತ್ತು, ಜೀವನಪೂರ್ತಿ ಆ ಹುಡುಗನಿಗೆ ತುತ್ತು ತಿನ್ನಿಸಿ ತೀರಿಸಬಹುದಿತ್ತು. ಆದರೆ ನಾಲ್ಕು ದಿನ ಬಿಟ್ಟು ವಿಚಾರಣೆಯವರು ಕರೆದಾಗ ಲಿಫ್ಟಿನವನು ಹೆದರಿದ. ಲೈಸೆನ್ಸ್ ಹೋಗುತ್ತದೆ, ಕೆಲಸ ಹೋಗುತ್ತದೆ, ಕೇಸೂ ಆಗಬಹುದು ಎಂದು ಯಾರೋ ಕಿವಿ ಊದಿದ್ದರು. ಹುಡುಗ ಆಸ್ಪತ್ರೆಯಲ್ಲಿ ಜ್ವರದಲ್ಲಿದ್ದ. ಇವನು ಕುರ್ಚಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಹೀಗೆ ಹೇಳಿದ: ಹುಡುಗ ತನ್ನ ಬೀಗ ಹಾಕಿರಲಿಲ್ಲ. ನನ್ನ ಬೀಗದ ಕೀಲಿಯನ್ನೂ ಅವನ ಕೈಗೇ ಕೊಟ್ಟಿದ್ದೆ. ಅವನೇ ಬಂದು ಬೀಗ ತೆಗೆದ, ಎತ್ತು ಅಂದ, ಎತ್ತಿದೆ. ಬಿಟ್ಟ ಸ್ಪ್ಯಾನರ್ ತರಲು ಮತ್ತೆ ಒಳಗೆ ಹೋಗಿದ್ದಾನೆ, ನನಗೆ ಗೊತ್ತಿಲ್ಲ. ಕೀಲಿ ಎಲ್ಲಿ? ಗುಂಡಿಗೆ ಬಿದ್ದುಹೋಗಿರಬೇಕು ಸಾರ್.

ಟೂಲ್ ಪೆಟ್ಟಿಗೆ ತೆರೆದರೆ ಹುಡುಗನ ಬೀಗ ಹೊಸದಾಗಿ ಹೊಳೆಯುತ್ತಿತ್ತು. ಅದಕ್ಕಿಂತ ಸಾಕ್ಷಿ ಬೇಕೆ? ‘ಕೆಲಸಗಾರನ ಸ್ವಂತ ಅಜಾಗರೂಕತೆ’ ಎಂದು ಬರೆದು ಫೈಲು ಮುಚ್ಚಿದರು. ಎರಡು ವರ್ಷ ಕಳೆದ ಮೇಲೆ ಲಿಫ್ಟಿನವನು ಸೂಪರ್‌ವೈಸರ್ ಆದ. ಹುಡುಗ ಒಂದು ಶಾಪಿಂಗ್ ಮಾಲಿನ ನೆಲಮಾಳಿಗೆಯಲ್ಲಿ ಸ್ಕೂಟರುಗಳಿಗೆ ಟೋಕನ್ ಕೊಡುವವನಾದ.

ಮೊದಮೊದಲು ಹುಡುಗ ನಿಜ ಹೇಳಿದ. ಕೂಗಿ ಹೇಳಿದ, ಅತ್ತು ಹೇಳಿದ, ಅಕ್ಕನ ಕೈ ಹಿಡಿದು ಹೇಳಿದ. ಅಕ್ಕ ಅವನ ತಲೆ ಸವರಿ, “ಜ್ವರದಲ್ಲಿ ನಿನಗೆ ನೆನಪು ಹೋಗಿದೆ ಕಣೋ. ಹೋಗ್ಲಿ ಬಿಡು. ಒಂದು ಬೀಗ ಹಾಕಿದ್ದಿದ್ರೆ ಏನಾಗ್ತಿತ್ತೋ ನಿನಗೆ?” ಎಂದಳು. ಆಮೇಲೆ ಆ ಮಾತು ಅವಳ ಬಾಯಿಪಾಠವಾಯಿತು. ತಟ್ಟೆ ಇಡುವಾಗ, ಅಂಗಿಯ ಗುಂಡಿ ಹಾಕುವಾಗ, ಅವನು ಲೋಟ ಬೀಳಿಸಿದಾಗ, “ಒಂದು ಬೀಗ ಹಾಕಿದ್ದಿದ್ರೆ.” ವರ್ಷವಾಗುವಷ್ಟರಲ್ಲಿ ಹುಡುಗ ಹೇಳುವುದನ್ನು ಬಿಟ್ಟ. ಅದರ ಬದಲು ಭಾವನಿಗೆ ವಿಪರೀತ ಮರ್ಯಾದೆ ಕೊಡಲು ಶುರುಮಾಡಿದ. ಮಾತಿಗೊಂದು ‘ಭಾವ’. ‘ನೀವು ಹೇಳಿದ ಮೇಲೆ ಮುಗೀತು ಭಾವ.’ ‘ನಿಮಗಿಂತ ಗೊತ್ತಿರೋರು ಯಾರಿದಾರೆ ಭಾವ.’ ಪ್ರತಿ ‘ಭಾವ’ವೂ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗೆ ಲಿಫ್ಟಿನವನಿಗೆ ನಾಟುತ್ತಿತ್ತು.

ಕೈ ಹೋದವನು ಅದಕ್ಕೆ ಕಾರಣನಾದವನನ್ನು ದ್ವೇಷಿಸಿದರೆ ಅರ್ಥವಿದೆ. ಇಲ್ಲಿ ಕಾರಣನಾದವನು ಕೈ ಹೋದವನನ್ನು ಅದಕ್ಕಿಂತ ಹೆಚ್ಚಾಗಿ ದ್ವೇಷಿಸುತ್ತಿದ್ದ. ಬಾಮೈದ ತಿನ್ನುವ ರೀತಿ ಕಂಡರಾಗದು, ಕೆಮ್ಮಿದರಾಗದು, ಎಡಗೈಯಲ್ಲಿ ಶರ್ಟಿನ ಗುಂಡಿಯೊಡನೆ ಹೆಣಗುವುದು ಕಂಡರಂತೂ ಹೊಟ್ಟೆಯಲ್ಲಿ ಬೆಂಕಿ. ಮನೆಯಲ್ಲಿ ಎಣ್ಣೆ ಸೀಗೆಕಾಯಿ ಸಂಬಂಧ. ಈಗ ಆ ದರಿದ್ರ ಸೀರಿಯಲ್ ಬೇರೆ ಬಂದಿತ್ತು.

“ಭಾವ, ಒಂದು ಡೌಟು,” ಎನ್ನುತ್ತಿದ್ದ ಬಾಮೈದ ಜಾಹೀರಾತಿನ ಮಧ್ಯೆ. “ಆ ಬಟನ್ ಒತ್ತಿದ್ರೆ ನೀವು ಎಂಥ ಲೋಕಕ್ಕೆ ಹೋಗ್ತಿದ್ರಿ?”

“ನೀನಿಲ್ಲದ ಲೋಕಕ್ಕೆ.”

“ನಾನಿಲ್ದೆ ನಿಮಗೆ ಸೂಪರ್‌ವೈಸರ್ ಕೆಲಸ ಸಿಗ್ತಿತ್ತಾ ಭಾವ?”

“ಇಬ್ಬರೂ ನಿಲ್ಲಿಸ್ತೀರಾ, ಇಲ್ಲ ನಾನೇ ಎದ್ದು ಹೋಗ್ಲಾ?” ಎಂದು ಅಕ್ಕ ಸಿಡುಕುತ್ತಿದ್ದಳು. ಅವಳು ಎದ್ದುಹೋಗುತ್ತಿರಲಿಲ್ಲ. ಡಾಕ್ಟರಮ್ಮ ತಂಗಿಯನ್ನು ಕರೆದು ಕರೆದು ಅಳುವಾಗ ಅವಳೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಒಂದು ಹೊಸ ಸಂಗತಿ ನಡೆಯಿತು. ಮಾಲಿನ ಲಿಫ್ಟು ಒಂದು ದಿನ ಜನರನ್ನು ತುಂಬಿಕೊಂಡು ನಡುವೆ ನಿಂತಿತು. ಕಾವಲಿನವರು ಸಬ್ಬಲು ಹಿಡಿದು ಬಾಗಿಲು ಮೀಟಲು ಹೊರಟಾಗ, ಟೋಕನ್ ಕೊಡುವ ಬಾಮೈದ ಓಡಿ ಬಂದು ಅವರನ್ನು ತಡೆದ. ಒಳಗಿನವರಿಗೆ ಧೈರ್ಯ ಹೇಳಿ, ಹೊರಗಿನವರಿಗೆ ಒಂದೊಂದೇ ಹೆಜ್ಜೆ ತಿಳಿಸಿ, ಕಾಲು ಗಂಟೆಯಲ್ಲಿ ಎಲ್ಲರನ್ನೂ ಇಳಿಸಿದ. ಅಲ್ಲಿ ಸ್ಕೂಟರ್ ನಿಲ್ಲಿಸಲು ಬಂದ ಒಬ್ಬರು ಇದನ್ನು ನೋಡಿದರು. ಅವರು ಲಿಫ್ಟ್ ಮೆಕ್ಯಾನಿಕ್‌ಗಳ ತರಬೇತಿ ಶಾಲೆಯ ಪ್ರಿನ್ಸಿಪಾಲರು. ಹೇಳಿಕೊಡಲು ಕೈ ಬೇಡ, ಬಾಯಿ ಸಾಕು, ನಮ್ಮಲ್ಲಿಗೆ ಬಾ ಎಂದು ಕರೆದರು. ಉಳಿಯಲು ಶಾಲೆಯಲ್ಲೇ ಕೋಣೆಯೂ ಇತ್ತು. ಆದರೆ ಹಳೇ ಫೈಲು ತರಿಸಿ ನೋಡಿದರೆ ‘ಸ್ವಂತ ಅಜಾಗರೂಕತೆ’. ಎಚ್ಚರಿಕೆ ಕಲಿಸುವ ಮೇಷ್ಟ್ರೇ ಅಜಾಗರೂಕ ಎಂದರೆ ಹೇಗೆ? ಅದು ತಪ್ಪು ಎಂದು ಬಾಮೈದ ಹೇಳಿದ. ಸಾಕ್ಷಿ ಯಾರು ಎಂದರು. ಭಾವ ಒಬ್ಬರೇ ಎಂದ. ಸರಿ, ಶನಿವಾರ ಸಂಜೆ ನಾನೇ ಅವರಿಗೆ ಫೋನು ಮಾಡಿ ಕೇಳುತ್ತೇನೆ ಎಂದರು ಪ್ರಿನ್ಸಿಪಾಲರು.

“ಶನಿವಾರ ಫೋನ್ ಬರುತ್ತೆ ಭಾವ,” ಎಂದು ಬಾಮೈದ ಮಂಗಳವಾರ ಹೇಳಿದ. “ಇದ್ದಿದ್ದು ಇದ್ದ ಹಾಗೆ ಹೇಳಿ ಸಾಕು.”

“ಬರೆದಿರೋದೇ ಹೇಳ್ತೀನಿ,” ಎಂದ ಲಿಫ್ಟಿನವನು.

ಗುರುವಾರ ಹತ್ತೊಂಬತ್ತನೇ ಕಂತು. ಅಂಕಿಯಿಲ್ಲದ ಬಟನ್ನಿನ ವೈರು ಎಲ್ಲಿಗೆ ಹೋಗುತ್ತದೆ ಎಂದು ಪತ್ತೆ ಮಾಡಲು ಸೀರಿಯಲ್ಲಿನ ಆಸ್ಪತ್ರೆಯ ಮುದಿ ಮೆಕ್ಯಾನಿಕ್ಕೂ ಅವನ ಜೊತೆಗಾರನೂ ಮೋಟಾರ್ ರೂಮಿಗೆ ಹೋದರು. ಸ್ವಿಚ್ ಇಳಿಸಿದರು. ಮುದುಕ ಕೆಂಪು ಬೀಗ ಹಾಕಿದ. ಜೊತೆಗಾರ ಪಕ್ಕದಲ್ಲೇ ಹಳದಿ ಬೀಗ ಹಾಕಿದ. ಹದಿನೆಂಟು ಕಂತುಗಳಿಂದ ಒಂದೂ ಸರಿ ಕಾಣದೆ ಉರಿದುಹೋಗಿದ್ದ ಲಿಫ್ಟಿನವನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

“ಹಾಂ! ಹಾಂ! ಇದು ನೋಡು! ಇದೊಂದು ಸರಿಯಾಗಿ ತೋರಿಸಿದಾರೆ!”

“ಅದ್ಯಾಕ್ರೀ ಎರಡು ಬೀಗ?” ಎಂದಳು ಹೆಂಡತಿ.

“ಇಬ್ಬರಿದಾರಲ್ಲ, ಅದಕ್ಕೆ. ಒಬ್ಬೊಬ್ಬನಿಗೆ ಒಂದೊಂದು. ಅವನ ಬೀಗ ಅವನೇ ತೆಗೀಬೇಕು. ಇನ್ನೊಬ್ಬ ತಲೆಕೆಳಗಾಗಿ ನಿಂತ್ರೂ ಆಗಲ್ಲ. ಕೀಲಿ ಯಾರ ಜೇಬಲ್ಲಿದೆಯೋ ಬೀಗ ತೆಗೆದೋನು ಅವನೇ. ಅದ್ರಲ್ಲಿ ಎರಡನೇ ಮಾತೇ ಇಲ್ಲ.”

ಕಸುಬಿನ ಹೆಮ್ಮೆ ಅವನ ನಾಲಿಗೆಯನ್ನು ಎಳೆದುಕೊಂಡು ಹೋಗಿತ್ತು. ಮಾತು ಮುಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪರದೆಯ ಮೇಲೆ ಸೋಪಿನ ಜಾಹೀರಾತು ಬಂತು.

“ಅವತ್ತು ಒಂದೇ ಬೀಗ ಇತ್ತು ಅಂದಿದ್ರಿ,” ಎಂದಳು ಹೆಂಡತಿ.

“ಇವನು ಹಾಕಿರ್ಲಿಲ್ಲವಲ್ಲ.”

“ಹಾಗಾದ್ರೆ ಇದ್ದಿದ್ದು ನಿಮ್ಮದು.”

“ನಂದೇ. ಕೀಲಿ ಇವನ ಕೈಗೆ ಕೊಟ್ಟಿದ್ದೆ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಅದು ಗುಂಡಿಗೆ ಬಿದ್ದುಹೋಯ್ತು.”

“ಬಿದ್ದಿರ್ಲಿಲ್ಲ.” ಅವಳು ಟಿ.ವಿ.ಯನ್ನೇ ನೋಡುತ್ತಿದ್ದಳು. “ಅವತ್ತು ಆಸ್ಪತ್ರೆಯಿಂದ ಬಂದು ನೀವು ಬಿಚ್ಚಿ ಹಾಕಿದ ಪ್ಯಾಂಟು ನಾನೇ ಒಗೆದಿದ್ದು. ಜೇಬಲ್ಲಿ ಕೀಲಿ ಇತ್ತು. ಹಸಿರು ದಾರದ್ದು. ಆ ದಾರ ಕಟ್ಟಿಕೊಟ್ಟೋಳೂ ನಾನೇ.”

ಲಿಫ್ಟಿನವನು ಬಾಯಿ ತೆರೆದ, ಏನೋ ಒಂದು ಹೇಳಬೇಕಿತ್ತು, ಬೇರೆ ಕೀಲಿ ಇರಬಹುದು, ಮನೆ ಕೀಲಿ ಇರಬಹುದು. ಬೈಗುಳವಾದರೂ ಬರಬಹುದೆಂದು ಬಾಮೈದನ ಕಡೆ ನೋಡಿದ. ಬಾಮೈದ ಅವನನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದ. ಆಮೇಲೆ ಟಿ.ವಿ. ಆರಿಸಿ ಎದ್ದು ಒಳಕೋಣೆಗೆ ಹೋದ.

ಶುಕ್ರವಾರ ಹೆಂಡತಿ ತಟ್ಟೆಯನ್ನು ಕುಕ್ಕಿ ಹೋದಳು. ಏಳು ಗಂಟೆಗೆ ಬಾಮೈದ ಬರಲಿಲ್ಲ, ಅವಳೂ ಬರಲಿಲ್ಲ. ಲಿಫ್ಟಿನವನು ಒಬ್ಬನೇ ಟಿ.ವಿ. ಹಾಕಿ ಕೂತ. ಕೇಳುವವರಿಲ್ಲದೆ ತಪ್ಪು ಹುಡುಕಲು ಮನಸ್ಸು ಬರಲಿಲ್ಲ, ಹಾಗಾಗಿ ಮೊದಲ ಸಲ ಕಥೆ ನೋಡಿದ. ಡಾಕ್ಟರಮ್ಮ ಏಳೆಂಟು ಲೋಕ ಸುತ್ತಿ ಸುಸ್ತಾಗಿ ಲಿಫ್ಟಿನ ನೆಲದ ಮೇಲೆ ಕುಸಿದು ಕೂತಿದ್ದಳು. “ಅಳು, ಚೆನ್ನಾಗಿ ಅಳು,” ಎಂದು ಪರದೆಗೆ ಬೈದ. ತನಗೂ ಅಂಥದೊಂದು ಬಟನ್ ಸಿಕ್ಕಿದ್ದರೆ ಎಂದು ಲೆಕ್ಕ ಹಾಕಿದ. ಒಂದು ಲೋಕದಲ್ಲಿ ಆ ಸೆಕ್ರೆಟರಿ ರಜೆ ಹಾಕಿರುತ್ತಾನೆ. ಒಂದರಲ್ಲಿ ಟಾರ್ಚು ಹುಡುಗನ ಜೇಬಿನಲ್ಲಿರುತ್ತದೆ, ಶಿಳ್ಳೆ ನಿಲ್ಲುವುದಿಲ್ಲ. ಒಂದರಲ್ಲಿ ಎರಡು ಬೀಗ ಇರುತ್ತವೆ. ಕೈ ಉಳಿಯುವ ಲೋಕಗಳು ಬೇಕಾದಷ್ಟಿದ್ದವು. ಆದರೆ ಕೈ ಹೋದ ಮೇಲೆ ತಾನು ನಿಜ ಹೇಳುವ ಲೋಕವನ್ನು ಎಷ್ಟು ತಿಣುಕಿದರೂ ಕಟ್ಟಲು ಆಗಲಿಲ್ಲ. ಸೆಕ್ರೆಟರಿ, ಟಾರ್ಚು, ಶಿಳ್ಳೆ ಯಾವುದೂ ವಿಚಾರಣೆಯ ಆ ಕುರ್ಚಿಯಲ್ಲಿ ಅವನ ಜೊತೆ ಕೂತಿರಲಿಲ್ಲ. ಅಲ್ಲಿ ಇದ್ದದ್ದು ತಾನೊಬ್ಬನೇ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆ ತಡೆಯಲಾರದೆ ಬಾಮೈದನನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಬೈದ. ಅದರಿಂದ ಈ ಸಲ ಏನೂ ಸಿಗಲಿಲ್ಲ.

ಶನಿವಾರ ಮೂವರೂ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತರು. ಟಿ.ವಿ. ಹಾಕಿರಲಿಲ್ಲ. ಏಳೂಕಾಲಿಗೆ ಫೋನು ಬಂತು. ಪ್ರಿನ್ಸಿಪಾಲರು ಸುತ್ತಿ ಬಳಸದೆ ಕೇಳಿದರು: ಬೀಗ ತೆಗೆದದ್ದು ಯಾರು?

ಲಿಫ್ಟಿನವನು ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಾಮೈದನ ಕೈ ಎಂದಿನಂತೆ ತೊಡೆಯ ಮೇಲಿತ್ತು. ಅವನಲ್ಲಿ ಒಳ್ಳೆಯತನ ಏನೂ ಉಕ್ಕಿ ಬರಲಿಲ್ಲ, ಅದನ್ನು ಸ್ಪಷ್ಟವಾಗಿಯೇ ಹೇಳಿಬಿಡಬೇಕು. ಸಾಕಾಗಿತ್ತು, ಅಷ್ಟೆ. ಆರು ವರ್ಷ ಹೊತ್ತ ಮೂಟೆಯನ್ನು ಸಿಟ್ಟಿನಿಂದ ಎತ್ತಿ ಎಸೆದ ಹಾಗೆ ಹೇಳಿದ.

“ನಾನೇ ತೆಗೆದಿದ್ದು ಸಾರ್. ಬೀಗ ನಂದು, ಕೀಲಿ ನನ್ನ ಜೇಬಲ್ಲಿತ್ತು. ಅವನು ಒಳಗೇ ಇದ್ದ. ನಾನೇ ಸ್ವಿಚ್ ಎತ್ತಿದೆ. ಅವನ ಬೀಗ ಹಾಕೋದು ಬೇಡ ಅಂದೋನೂ ನಾನೇ. ವಿಚಾರಣೇಲಿ ಸುಳ್ಳು ಹೇಳಿದೆ.”

ಪ್ರಿನ್ಸಿಪಾಲರು ಕೇಳಿದರು: “ಬರೆದು ಸಹಿ ಹಾಕಿ ಕೊಡ್ತೀರಾ?”

“ಕೊಡ್ತೀನಿ.”

ಫೋನು ಕೆಳಗಿಟ್ಟ. ಇನ್ನು ಬಾಮೈದ ಎದ್ದು ಕೊರಳಪಟ್ಟಿ ಹಿಡಿಯುತ್ತಾನೆ, ಹಿಡಿಯಲಿ ಎಂದು ಕಾದ. ಬಾಮೈದ ಅವನ ಕಡೆ ತಿರುಗಲೇ ಇಲ್ಲ.

“ಅಕ್ಕ,” ಎಂದ. “ಆ ಕೀಲಿ ಈಗ ಎಲ್ಲಿದೆ?”

ಅವಳ ಬೆರಳು ನಿಂತಿತು. “ಇಲ್ಲ.”

“ಇಲ್ಲ ಅಂದ್ರೆ?”

“ಎಸೆದೆ. ಹಿಂದಿನ ಮೋರಿಗೆ.”

“ಯಾವತ್ತು?”

ಈ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಲಿಫ್ಟಿನವನಿಗೆ ಹೆಂಡತಿಗಿಂತ ಮೊದಲೇ ಹೊಳೆಯಿತು. “ಅವಳಿಗೆ ಏನು ಗೊತ್ತೋ ಅದೆಲ್ಲ?” ಎಂದು ನಡುವೆ ಬಾಯಿ ಹಾಕಿದ. “ಯಾವ್ದೋ ಹಳೇ ಕೀಲಿ ಅಂತ ಎಸೆದಿರ್ತಾಳೆ.”

“ನಿಮ್ಮನ್ನ ಕೇಳ್ಲಿಲ್ಲ,” ಎಂದ ಬಾಮೈದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಮಾತಿನಲ್ಲಿ ‘ಭಾವ’ ಇರಲಿಲ್ಲ. “ಯಾವತ್ತು ಅಕ್ಕ?”

“ವಿಚಾರಣೆಯವರು ಮನೆಗೂ ಬರ್ತಾರಂತೆ ಅಂತ ಇವರು ಬಂದು ಹೇಳಿದ್ರಲ್ಲ, ಅವತ್ತು ಬೆಳಿಗ್ಗೆ.”

“ಅವತ್ತು ಮಧ್ಯಾಹ್ನ ನೀನು ಆಸ್ಪತ್ರೆಗೆ ಬಂದಿದ್ದೆ,” ಎಂದ ಅವನು, ನಿಧಾನವಾಗಿ. “ಊಟ ತಂದಿದ್ದೆ. ತುತ್ತು ಮಾಡಿ ತಿನ್ನಿಸಿದೆ. ಒಂದು ಬೀಗ ಹಾಕಿದ್ದಿದ್ರೆ ಏನಾಗ್ತಿತ್ತೋ ಅಂತ ಅವತ್ತೇ ಮೊದಲನೇ ಸಲ ಅಂದಿದ್ದು ನೀನು.”

“ನೀನೇ ಅವರ ಕೈಗೆ ಕೀಲಿ ವಾಪಸ್ ಕೊಟ್ಟಿರಬಹುದು ಅಂದ್ಕೊಂಡೆ ಕಣೋ. ನನಗೆ ಆ ಬೀಗ ಗೀಗ ಎಲ್ಲ ಏನು ತಿಳಿಯುತ್ತೆ?”

“ತಿಳಿಯದೆ ಇದ್ರೆ ಯಾಕೆ ಎಸೆದೆ?”

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸಿಟ್ಟಿನಿಂದಲೇ ಹೇಳಿದಳು: “ಇವರ ಕೆಲಸನೂ ಹೋಗಿದ್ರೆ ಮೂರು ಜನ ಬೀದಿಗೆ ಬೀಳ್ತಿದ್ವಿ. ನಿನ್ನ ಕೈ ಹೇಗೂ ಹೋಗಿತ್ತು. ನಾನು ಯಾರನ್ನ ಉಳಿಸ್ಲಿ?”

“ಹೋಗಿತ್ತು,” ಎಂದು ಬಾಮೈದ ತಲೆಯಾಡಿಸಿದ. “ನನ್ನ ಸಂಕಟ ಕೈ ಹೋಗಿದ್ದಕ್ಕಲ್ಲ ಅಕ್ಕ. ಭಾವ ಹೆದರಿ ಸುಳ್ಳು ಹೇಳಿದ್ರು, ಅದು ನನಗೆ ಅವತ್ತೇ ಅರ್ಥ ಆಗಿತ್ತು. ನೀನು ನಂಬ್ತಿಲ್ಲವಲ್ಲ ಅಂತ ಆರು ವರ್ಷ ಒದ್ದಾಡಿದೆ. ಜ್ವರದಲ್ಲಿ ನಿಜವಾಗ್ಲೂ ನನಗೇ ನೆನಪು ಹೋಗಿದ್ಯೇನೋ ಅಂತ ಎಷ್ಟು ಸಲ ಅನ್ನಿಸಿದೆ ಗೊತ್ತಾ? ನಾನೇ ತೆಗೆದ್ನೇನೋ ಅಂತ?”

ಲಿಫ್ಟಿನವನು ಕುರ್ಚಿಯಲ್ಲಿ ಕೂತಲ್ಲೇ ಕೂತಿದ್ದ. ಇಷ್ಟು ವರ್ಷ ಅಕ್ಕ ತಮ್ಮಂದಿರನ್ನು ಕಾವಲು ಕಾದದ್ದೆಲ್ಲ ದಂಡವಾಗಿತ್ತು. ಅವನು ಬಚ್ಚಿಡುತ್ತಿದ್ದುದನ್ನು ಅವಳು ಅವನಿಗಿಂತ ಚೆನ್ನಾಗಿ ಬಚ್ಚಿಟ್ಟಿದ್ದಳು, ಅವನಿಂದಲೂ. ಅವಳ ಮೇಲೆ ಕೃತಜ್ಞತೆ ಹುಟ್ಟಬೇಕಿತ್ತೇನೋ. ಹುಟ್ಟಿದ್ದು ಭಯ.

ಭಾನುವಾರ ಅವನು ಎಲ್ಲವನ್ನೂ ಕಾಗದದ ಮೇಲೆ ಬರೆದು ಸಹಿ ಹಾಕಿದ. ಸೂಪರ್‌ವೈಸರ್ ಕೆಲಸ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು. ಕೇಸು ಆದರೂ ಆಗಬಹುದು. ಬಾಮೈದ ತನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಬ್ಯಾಗಿಗೆ ತುಂಬಿದ. ಒಂದೇ ಕೈಯಲ್ಲಿ ಮಡಚಲು ಬಹಳ ಹೊತ್ತು ಹಿಡಿಯಿತು. ಅಕ್ಕ ಸಹಾಯಕ್ಕೆ ಬಂದಾಗ ಅಂಗಿಯನ್ನು ತನ್ನ ಕಡೆ ಎಳೆದುಕೊಂಡ.

ಸೋಮವಾರ ಬೆಳಿಗ್ಗೆ ಅವನು ತರಬೇತಿ ಶಾಲೆಗೆ ಹೊರಟ. ಅಕ್ಕ ಬೇಗ ಎದ್ದು ಅಡುಗೆ ಮಾಡಿ, ಊಟದ ಡಬ್ಬಿ ಕಟ್ಟಿ, ಅಡುಗೆಮನೆಯ ಬಾಗಿಲಲ್ಲಿ ಹಿಡಿದು ನಿಂತಿದ್ದಳು. ಲಿಫ್ಟಿನವನು ಹೊಸ್ತಿಲ ಹತ್ತಿರ ನಿಂತಿದ್ದ, ಏನು ಬಂದರೂ ಬರಲಿ ಎಂದು. ಒಂದು ಏಟು ಬಿದ್ದರೂ ಅವನು ತಡೆಯುತ್ತಿರಲಿಲ್ಲ. ಬಾಮೈದ ಚಪ್ಪಲಿ ಮೆಟ್ಟಿಕೊಂಡ. ಬ್ಯಾಗನ್ನು ಹೆಗಲಿಗೇರಿಸಿ, ಅವನ ಎದುರಿಗೆ ಬಂದು ನಿಂತು, ಮುಖ ನೋಡಿ ಹೇಳಿದ.

“ಹೋಗಿಬರ್ತೀನಿ ಭಾವ.”

ಅಕ್ಕನಿಗೆ ಹೇಳಲಿಲ್ಲ.